ಗೂಬೆಯ ಮೇಲೇ ಗೂಬೆ ಕೂರಿಸಿ

ಕೆಲವು ವರ್ಷಗಳ ಹಿಂದೆ ಒಂದು ಹೈಸ್ಕೂಲಿನ ಅಂಗಳದಲ್ಲಿ ಮೂಢನಂಬಿಕೆಗಳ ಮೇಲೆ ಭಾಷಣವಿತ್ತು. ಭಾಷಣಕಾರರು ಬೆಕ್ಕು ಅಡ್ಡ ಹೋಗುವುದರಿಂದ ಹಿಡಿದು ಹಲ್ಲಿ ಲೊಚಗುಟ್ಟುವುದನ್ನೂ ಮುಗಿಸಿ ಗೂಬೆಗೆ ಬಂದರು. "ಗೂಬೆ ಕೂಗಿದರೆ ಸಾವು ಅಂತಾರೆ. ಆ ಕೂಗಿಗೆ ಯಾವ ಅರ್ಥವೂ ಇಲ್ಲ ಮಕ್ಕಳೇ. ಅದೂ ಒಂದು ಹಕ್ಕಿ, ಕೂಗುತ್ತೆ, ಅಷ್ಟೇ." ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂದೇ ಮುಸ್ಸಂಜೆ ಮನೆಯ ಹಿತ್ತಲ ಹೊಂಗೆಮರದಲ್ಲಿ ಹಾಲಕ್ಕಿಗಳು, ಅಂದರೆ ನಮ್ಮ ಊರಿನ ಪುಟ್ಟ ಗೂಬೆಗಳು, ಶುರುಮಾಡಿದವು. ಒಂದು ಚಿರ್ರೆಂದು ಎಳೆದರೆ, ಅದು ಎಳೆದು ಮುಗಿಸುವಷ್ಟೂ ತಾಳ್ಮೆಯಿಲ್ಲದೆ ಇನ್ನೊಂದು ಚಿವಕ್ ಚಿವಕ್ ಎಂದು ಮೇಲೇರಿ ಬರುತ್ತಿತ್ತು. ಎರಡೂ ಸೇರಿ ಗಲಾಟೆ ಎಬ್ಬಿಸಿ, ಏನೋ ತೀರ್ಮಾನವಾದಂತೆ ಒಟ್ಟಿಗೆ ನಿಲ್ಲಿಸಿದವು. ಅರ್ಥವೇ ಇಲ್ಲದ ಮಾತಿಗೆ ಇಷ್ಟು ಅವಸರದ ಉತ್ತರ ಯಾಕೆ ಬೇಕು ಎಂದು ಕುಳಿತಲ್ಲೇ ಯೋಚನೆ ಹತ್ತಿತು. ಬೆಳಿಗ್ಗೆಯ ಚಪ್ಪಾಳೆಯನ್ನು ವಾಪಸು ತೆಗೆದುಕೊಳ್ಳಬೇಕೆನಿಸಿತು.

ಗೂಬೆಯ ಕೂಗಿನ ಬಗ್ಗೆ ನಮ್ಮಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷಕ್ಕೆ ಅದು ನಮಗೆಂದೇ ಬಂದ ಸುದ್ದಿ, ಅದೂ ಕೆಟ್ಟ ಸುದ್ದಿ. ಇನ್ನೊಂದಕ್ಕೆ ಅದು ನಮಗೆ ಬಂದ ಸುದ್ದಿಯಲ್ಲ, ಆದ್ದರಿಂದ ಸುದ್ದಿಯೇ ಅಲ್ಲ. ಎರಡನೆಯವರು ತಾವು ಮೊದಲನೆಯವರನ್ನು ಸೋಲಿಸಿದ್ದೇವೆ ಎಂದುಕೊಂಡಿದ್ದಾರೆ. ನನಗೆ ಕಾಣುವಂತೆ ಇಬ್ಬರೂ ಒಂದೇ ಜಗಲಿಯ ಮೇಲೆ ಕುಳಿತವರು. ನಮ್ಮನ್ನು ಉದ್ದೇಶಿಸದ ಮಾತು ಮಾತೇ ಅಲ್ಲ ಎಂಬುದು ಇಬ್ಬರ ಒಪ್ಪಂದ. ಮಧ್ಯೆ ಮೂರನೆಯವರೂ ಇದ್ದಾರೆ: ಹಕ್ಕಿ ಪುಸ್ತಕ ಓದಿದವರು. ಅವರ ಉತ್ತರ ಒಂದೇ ಸಾಲಿನದು, 'ಗಂಡು ತನ್ನ ಗಡಿ ಸಾರಲು ಕೂಗುತ್ತದೆ'. ಈ ಸಾಲು ಸುಳ್ಳಲ್ಲ. ಆದರೆ ಉಷ್ಣವಲಯದ ಗೂಬೆಗಳ ಮಟ್ಟಿಗೆ ಅದು ಎಷ್ಟು ಬಡ ಉತ್ತರ ಎಂಬುದೇ ನನ್ನ ತಕರಾರು. ಶಕುನ ನಂಬುವವರನ್ನು ಬಯ್ಯುವ ಕೆಲಸ ಸಾಕಷ್ಟು ನಡೆದಿದೆ. ನನ್ನ ಜಗಳ ಉಳಿದ ಇಬ್ಬರ ಜೊತೆ.

ಶಕುನದವರ ಲೆಕ್ಕವನ್ನು ಒಂದೇ ಮಾತಿನಲ್ಲಿ ಚುಕ್ತಾ ಮಾಡಬಹುದು. ಹಳ್ಳಿಯಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರವಿರುವವರು ಯಾರು? ಕೊನೆಯ ಉಸಿರಿನಲ್ಲಿರುವವರ ಮಂಚದ ಪಕ್ಕ ಕೂತವರು. ದೀಪ ಉರಿಯುವುದು ಯಾವ ಮನೆಯಲ್ಲಿ? ಅದೇ ಮನೆಯಲ್ಲಿ. ದೀಪಕ್ಕೆ ಹುಳು, ಹುಳುವಿಗೆ ಹಾಲಕ್ಕಿ. ನಮ್ಮಜ್ಜಿ ಹೋದ ರಾತ್ರಿ ಹುಣಸೆಮರದಲ್ಲಿ ಹಾಲಕ್ಕಿ ಕೂಗಿತ್ತೆಂದು ಚಿಕ್ಕಮ್ಮ ಇಂದಿಗೂ ಹೇಳುತ್ತಾರೆ. ಕೂಗಿದ್ದು ನಿಜ. ಅದರ ಹಿಂದಿನ ಮುನ್ನೂರು ರಾತ್ರಿಯೂ ಕೂಗಿತ್ತು, ಚಿಕ್ಕಮ್ಮ ನಿದ್ದೆ ಮಾಡುತ್ತಿದ್ದರು.

ಹಾಗೆಂದು ಭಯಪಟ್ಟವರೆಲ್ಲ ಕಿವುಡರಾಗಿರಲಿಲ್ಲ. ಕನ್ನಡದಲ್ಲಿ ಗುಮ್ಮ ಎಂದರೆ ಮಕ್ಕಳನ್ನು ಹೆದರಿಸುವ ಅಮೂರ್ತ ಭೂತ. ಗುಮ್ಮ ಎಂದರೆ ದೊಡ್ಡ ಗೂಬೆಯೂ ಹೌದು. ಎರಡಕ್ಕೂ ಮೂಲ ಗುಂ ಎಂಬ ಆ ದನಿಯೇ ಇರಬೇಕು. ಪುರಂದರದಾಸರ ಕೀರ್ತನೆಯಲ್ಲಿ ಬಾಲಕೃಷ್ಣನು ತಾಯಿಯ ಬಳಿ ಗುಮ್ಮನನ್ನು ಕರೆಯಬೇಡವೆಂದು ಗೋಗರೆಯುತ್ತಾನಲ್ಲ, ಜಗತ್ತನ್ನೇ ಹೊಟ್ಟೆಯಲ್ಲಿಟ್ಟುಕೊಂಡವನು ಹೆದರುವುದು ಒಂದು ಹಕ್ಕಿಯ ಮಂದ್ರಸ್ವರಕ್ಕೆ. ತಮಾಷೆಯೆಂದರೆ, ಭೂಗೋಳದ ಆಚೆ ಬದಿಯ ಬ್ರೆಜಿಲ್ಲಿನಲ್ಲಿ ಕನ್ನಡಕ ತೊಟ್ಟಂಥ ಮುಖದ ಒಂದು ದೊಡ್ಡ ಗೂಬೆಗೆ ಮುರುಕುಟುಟು ಎಂದು ಹೆಸರು. ಅದೂ ಕೂಗಿನಿಂದಲೇ ಬಂದದ್ದು. ನಿದ್ದೆ ಮಾಡದ ಮಕ್ಕಳಿಗೆ ಅಲ್ಲಿನ ಜೋಗುಳಗಳಲ್ಲಿ ಅದೇ ಗುಮ್ಮ. ಕೇರಳದಲ್ಲಿ ಮಚ್ಚೆಗಳ ಕಾಡುಗೂಬೆಯೊಂದು ಮಾವಿನ ತೋಪುಗಳಲ್ಲಿ ನಡುಗುವ ದನಿಯಲ್ಲಿ ಕೂಗುತ್ತದೆ. ಮಲಯಾಳಿಗಳು ಅದಕ್ಕೆ ಕಾಲನ್ ಕೋಳಿ, ಅಂದರೆ ಯಮನ ಕೋಳಿ ಎನ್ನುತ್ತಾರೆ. ಆ ಕೂಗು ಅವರ ಕಿವಿಗೆ 'ಹೋಗೋಣ' ಎಂದು ಕೇಳುತ್ತದೆ. ಶ್ರೀಲಂಕಾದ ಕಾಡಿನಲ್ಲಿ ಹೆಣ್ಣೊಬ್ಬಳು ಕತ್ತು ಹಿಸುಕಿಸಿಕೊಂಡು ಚೀರಿದಂತೆ ಕೂಗುವ ಉಲಮಾ ಎಂಬ ದೆವ್ವದ ಹಕ್ಕಿಯ ಕಥೆಯಿದೆ: ಗಂಡ ಮಗುವನ್ನು ಕೊಂದು ಅಡುಗೆ ಮಾಡಿ ಬಡಿಸಿದ, ತಿಳಿದ ತಾಯಿ ಚೀರುತ್ತ ಕಾಡು ಸೇರಿದಳು. ಆ ಚೀರಾಟ ಯಾವ ಹಕ್ಕಿಯದೆಂದು ಪಕ್ಷಿಶಾಸ್ತ್ರಜ್ಞರು ದಶಕಗಳ ಕಾಲ ಜಗಳವಾಡಿ, ಈಗ ಹೆಚ್ಚಿನವರು ಹೊಟ್ಟೆಯ ಮೇಲೆ ಮಚ್ಚೆಗಳಿರುವ ಒಂದು ಭಾರೀ ಕೊಂಬುಗೂಬೆಯನ್ನು ತೋರಿಸುತ್ತಾರೆ. ನಮ್ಮ ಪಶ್ಚಿಮಘಟ್ಟದಲ್ಲೂ ಅದು ಇದೆ.

ಗುಮ್ಮ, ಕಾಲನ್ ಕೋಳಿ, ಉಲಮಾ, ಹಾಲಕ್ಕಿ. ನಾಲ್ಕು ಹೆಸರು, ನಾಲ್ಕು ದನಿ. ಹೆದರಿದವರು ಈ ದನಿಗಳನ್ನು ಒಂದರಿಂದೊಂದು ಬಿಡಿಸಿ ಕೇಳಿದ್ದರು. ಮೂಢನಂಬಿಕೆಯಿಂದ ಬಿಡುಗಡೆಯಾದ ನಾವು ಕೇಳುವುದೆಷ್ಟು? ಎಲ್ಲಕ್ಕೂ ಸೇರಿಸಿ ಗೂಬೆ ಎಂಬ ಒಂದು ಪದ. ಇನ್ನು ದನಿಯೆಂದರೆ ಸೀರಿಯಲ್ಲಿನ ಸ್ಮಶಾನದ ದೃಶ್ಯಕ್ಕೆ ಹಾಕುವ 'ಹೂ... ಹೂಹೂ'. ನನ್ನ ಕಿವಿಯನ್ನು ನಂಬುವುದಾದರೆ ಅದು ಬಹುಪಾಲು ಇಂಗ್ಲೆಂಡಿನ ಕಾಡುಗೂಬೆಯ ಗಂಡಿನ ದನಿ. ಪಾಪ, ಅದು ಚಿತ್ರದುರ್ಗದ ಸುಡುಗಾಡಿನಲ್ಲಿ ಏನು ಮಾಡುತ್ತಿದೆಯೋ! ಆ ಇಂಗ್ಲಿಷರಾದರೂ ಸರಿಯಾಗಿ ಕೇಳಿದ್ದರೇ ಎಂದರೆ ಅದೂ ಇಲ್ಲ. ಅವರ ಮಕ್ಕಳ ಪುಸ್ತಕಗಳಲ್ಲಿ ಗೂಬೆ 'ಟುವಿಟ್ ಟುವೂ' ಎನ್ನುತ್ತದೆ. ಮೊದಲ ಪದ ಸಾಮಾನ್ಯವಾಗಿ ಹೆಣ್ಣಿನದು, ಎರಡನೆಯದು ಗಂಡಿನದು. ಇಬ್ಬರ ಸಂಭಾಷಣೆಯನ್ನು ಶತಮಾನಗಟ್ಟಲೆ ಒಬ್ಬರ ಬಾಯಿಗೆ ತುರುಕಿ ಒಂಟಿ ಹಕ್ಕಿಯ ಹಾಡೆಂದು ಪದ್ಯ ಬರೆದರು.

ಒಂಟಿ ಎಂಬುದೇ ಇಲ್ಲಿಯ ಮುಖ್ಯ ತಪ್ಪು. ನಮ್ಮ ಪುಸ್ತಕಗಳ ಗೂಬೆ ಯುರೋಪು ಮತ್ತು ಉತ್ತರ ಅಮೆರಿಕದಿಂದ ಬಂದದ್ದು. ಅಲ್ಲಿ ಚಳಿಗಾಲ ಮುಗಿಯುವಾಗ ಗಂಡು ಮರದ ಮೇಲೆ ಕೂತು ಕೂಗುತ್ತದೆ, ಹೆಣ್ಣು ಬರುತ್ತದೆ, ಮರಿಗಳಾಗುತ್ತವೆ, ಕೂಗು ಇಳಿಯುತ್ತದೆ. ಹಾಡುವವನು ಗಂಡು, ಕೇಳುವವಳು ಹೆಣ್ಣು, ಕಾಲ ವಸಂತ ಎಂಬ ಈ ಚಿತ್ರ ಪಕ್ಷಿಶಾಸ್ತ್ರದಲ್ಲಿ ಬಹುಕಾಲ ಇಡೀ ಲೋಕದ ಚಿತ್ರವಾಗಿ ನಿಂತಿತು. ಕಾರಣ ಸರಳ: ಬರೆದವರು ಅಲ್ಲಿನವರು. 2014ರಲ್ಲಿ ಕರನ್ ಓಡಮ್ ಮತ್ತು ಸಂಗಡಿಗರು ಲೋಕದ ಹಾಡುಹಕ್ಕಿಗಳ ಮಾಹಿತಿ ಕೂಡಿಸಿ ನೋಡಿದಾಗ, ಲೆಕ್ಕಕ್ಕೆ ಸಿಕ್ಕ ಪ್ರಭೇದಗಳಲ್ಲಿ ಶೇಕಡಾ 71ರಲ್ಲಿ ಹೆಣ್ಣೂ ಹಾಡುತ್ತಿತ್ತು. ಗೂಬೆಗಳು ಹಾಡುಹಕ್ಕಿಗಳ ಗುಂಪಿನವಲ್ಲ, ಈ ಅಂಕಿಯನ್ನು ಅವಕ್ಕೆ ಹೊಂದಿಸಲು ನಾನು ಹೊರಟಿಲ್ಲ. ಹೊಂದುವುದು ನೋಟದೋಷ. ಉಷ್ಣವಲಯದಲ್ಲಿ ಹಲವು ಹಕ್ಕಿಗಳು ವರ್ಷಪೂರ್ತಿ ಒಂದೇ ಜಾಗದಲ್ಲಿ ಜೋಡಿಯಾಗಿ ನೆಲೆಸುತ್ತವೆ, ಗಡಿಯನ್ನು ಇಬ್ಬರೂ ಕಾಯುತ್ತಾರೆ, ಆದ್ದರಿಂದ ಇಬ್ಬರೂ ಬಾಯಿಬಿಡುತ್ತಾರೆ. ಹಿತ್ತಲ ಹಾಲಕ್ಕಿಗೂ ಬ್ರೆಜಿಲ್ಲಿನ ಮುರುಕುಟುಟುವಿಗೂ ಈ ಜುಗಲ್ಬಂದಿ ಸಾಮಾನ್ಯ. ವಸಂತದ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ನಮ್ಮ ಕೊಂಬುಗೂಬೆಯ ಸಂಸಾರ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಮೀನುಗೂಬೆಯ ಮರಿಗಳ ಕಾಲ ಸಂಕ್ರಾಂತಿಯ ಆಸುಪಾಸು. ನಮ್ಮ ಚಳಿಯೇ ಅವುಗಳ ಹಂಗಾಮು.

ಪುಸ್ತಕದವರಿಗೆ ಇನ್ನೊಂದು ಬೆರಗಿನ ವಿಷಯ ಹೇಳಬೇಕು. ಗೂಬೆಗಳಲ್ಲಿ ಸಾಮಾನ್ಯವಾಗಿ ಹೆಣ್ಣು ಗಂಡಿಗಿಂತ ದೊಡ್ಡದು. ದೊಡ್ಡ ಮೈಗೆ ದಪ್ಪ ದನಿ ಇರಬೇಕಲ್ಲವೇ? ಬಹಳಷ್ಟು ಗೂಬೆಗಳಲ್ಲಿ ಉಲ್ಟಾ. ಆರ್ಕ್ಟಿಕ್ ಅಂಚಿನಿಂದ ದಕ್ಷಿಣ ಅಮೆರಿಕದವರೆಗೆ ಹರಡಿರುವ ಅಮೆರಿಕದ ಕೊಂಬುಗೂಬೆಯ ಗಂಡು ಚಿಕ್ಕದು, ಆದರೆ ಅದರ ದನಿಪೆಟ್ಟಿಗೆ ದೊಡ್ಡದು, ದನಿಯೂ ಹೆಣ್ಣಿನದಕ್ಕಿಂತ ತಗ್ಗು. ಜೋಡಿ ಕೂಗುವಾಗ ಎರಡು ಸ್ಥಾಯಿ ಕೇಳಿದರೆ ತಗ್ಗಿನದು ಗಂಡು, ಏರಿನದು ಹೆಣ್ಣು ಎಂದು ಕತ್ತಲಲ್ಲೇ ಹೇಳಬಹುದು. ಕಣ್ಣಿಗೆ ಸಿಗದ ಹಕ್ಕಿಯ ಬಗ್ಗೆ ಇಷ್ಟು ತಿಳಿಸುವ ದನಿಯನ್ನು ಅರ್ಥವಿಲ್ಲದ್ದು ಎನ್ನುವುದಕ್ಕೆ ಧೈರ್ಯ ಬೇಕು.

ಆ ದನಿ ಅಷ್ಟು ತಗ್ಗಾಗಿ, ಎದೆಯೊಳಗೇ ಗುದ್ದಿದಂತೆ ಯಾಕಿರಬೇಕು? ನಮ್ಮನ್ನು ಹೆದರಿಸಲಿಕ್ಕಲ್ಲ. ಮಲೆನಾಡಿನ ಕಾಡಿನಲ್ಲಿ ರಾತ್ರಿ ಒಮ್ಮೆ ಕಣ್ಣು ಮುಚ್ಚಿ ನಿಂತು ನೋಡಿ. ಕಾಡು ಮೌನವಾಗಿರುತ್ತದೆ ಎಂಬುದು ಪಟ್ಟಣದವರ ಕಲ್ಪನೆ. ಚಿಮ್ಮಂಡೆ, ಜೀರುಂಡೆ, ಮರಗಪ್ಪೆ ಎಲ್ಲವೂ ಸೇರಿ ಸಂತೆ ನಡೆಸುತ್ತಿರುತ್ತವೆ. ಹುಳುಗಳ ದನಿಯೆಲ್ಲ ಸಾಮಾನ್ಯವಾಗಿ ಸಾವಿರಾರು ಹರ್ಟ್ಸ್‌ನ ಮೇಲಿನ ಅಟ್ಟದಲ್ಲಿ. ಅಲ್ಲಿ ಹೊಸಬರಿಗೆ ಕಾಲಿಡಲು ಜಾಗವಿಲ್ಲ. ದೊಡ್ಡ ಗೂಬೆಗಳ ಗುಂ ಎಂಬುದು 500 ಹರ್ಟ್ಸ್‌ಗಿಂತ ಕೆಳಗೆ, ಸಂತೆಯ ಚಪ್ಪರದ ಅಡಿಯಲ್ಲಿ ನುಸುಳಿ ಹೋಗುತ್ತದೆ. ಎಲೆ, ಬಳ್ಳಿ, ಕೊಂಬೆಗಳಿಗೆ ತಾಗಿ ತೆಳು ದನಿಗಳು ಬೇಗ ಚದುರಿಹೋಗುತ್ತವೆ, ತಗ್ಗು ದನಿ ಸುತ್ತಿ ಬಳಸಿ ದಾಟುತ್ತದೆ. ಒಂದು ಕಣಿವೆಯಾಚೆ ಇರುವ ನೆರೆಯವನಿಗೆ ಮಾತು ಮುಟ್ಟಿಸಬೇಕಾದವರಿಗೆ ಬೇರೆ ದಾರಿಯಿಲ್ಲ. ನಮ್ಮ ಭಯದ ಗುಟ್ಟೂ ಇಲ್ಲೇ ಇದೆ. ಏರಿಳಿತವಿಲ್ಲದ ತಗ್ಗು ದನಿ ಯಾವ ದಿಕ್ಕಿನಿಂದ ಬಂತೆಂದು ಮನುಷ್ಯರ ಕಿವಿ ಸುಲಭವಾಗಿ ಹೇಳಲಾರದು. ಎಲ್ಲಿಂದಲೂ ಬಂದಂತೆ, ಎಲ್ಲಿಂದಲೂ ಬರದಂತೆ ಕೇಳುತ್ತದೆ. ಮೂಲ ತೋರದ ಮಾತು ಯಾರದ್ದೆಂದರೆ ಭೂತದ್ದು. ಗುಮ್ಮನನ್ನು ಹುಟ್ಟಿಸಿದ್ದು ಕಾಡಿನ ಧ್ವನಿಶಾಸ್ತ್ರ.

ಇಷ್ಟಾದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಸುಶಿಕ್ಷಿತರದು. ಹಾಡುಹಕ್ಕಿ, ಗಿಳಿ, ಅಮೆರಿಕದ ಝೇಂಕಾರದ ಹಕ್ಕಿ, ಇವು ದನಿಯನ್ನು ಕಲಿಯುತ್ತವೆ. ಅಪ್ಪನನ್ನು ಕೇಳಿ, ತಪ್ಪಿ, ತಿದ್ದಿಕೊಂಡು ಹಾಡುತ್ತವೆ. ಗೂಬೆ ಕಲಿಯುವುದಿಲ್ಲ, ಹುಟ್ಟುತ್ತಲೇ ತಂದದ್ದನ್ನು ಕೂಗುತ್ತದೆ. ಆದ್ದರಿಂದ ಅದು ಸಂಗೀತವಲ್ಲ, ಭಾಷೆಯ ನೆರಳೂ ಅಲ್ಲ, ಬಾಗಿಲು ಕಿರುಗುಟ್ಟಿದಂತೆ. ಗುರುಮುಖೇನ ಬಂದದ್ದಕ್ಕೆ ಮಾತ್ರ ಬೆಲೆ ಕೊಡುವ ಈ ಮಡಿವಂತಿಕೆ ಹೊಸದೇನಲ್ಲ. ಆದರೆ ಕಲಿಯದ ದನಿಯ ಶಕ್ತಿ ಬೇರೆಯದು. ಅದು ವಂಶದ ಗುರುತು. ಕಲಿತ ಹಾಡಿಗೆ ಊರಿಂದೂರಿಗೆ ಧಾಟಿ ಬದಲಾಗುತ್ತದೆ. ಹುಟ್ಟಿನಿಂದ ಬಂದ ಕೂಗು ಬದಲಾಗಿದ್ದರೆ ರಕ್ತವೇ ಬೇರೆಯಾಗಿದೆ ಎಂದು ಅನುಮಾನಿಸಬಹುದು. ಈ ಒಂದು ಅನುಮಾನದ ಬೆನ್ನು ಹತ್ತಿ ಉಷ್ಣವಲಯದ ಗೂಬೆಗಳ ಪಟ್ಟಿಯನ್ನೇ ತಿದ್ದಿ ಬರೆಯುತ್ತಿದ್ದಾರೆ.

ಶ್ರೀಲಂಕಾದ ದೀಪಲ್ ವಾರಕಾಗೊಡ 1995ರಲ್ಲಿ ಕಿತುಲ್ಗಲದ ಮಳೆಕಾಡಿನಲ್ಲಿ ತಮಗೆ ಗುರುತಿಲ್ಲದ ಒಂದು ಸಣ್ಣ ಕೂಗು ಕೇಳಿದರು. ದ್ವೀಪದ ಹಕ್ಕಿಗಳ ದನಿಯೆಲ್ಲ ಅವರ ನಾಲಿಗೆ ತುದಿಯಲ್ಲಿತ್ತು, ಇದು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಆ ದನಿಗೊಂದು ಮೈ ಕಾಣಲು 2001ರ ಜನವರಿವರೆಗೆ ಕಾಯಬೇಕಾಯಿತು. ಸಿಂಹರಾಜ ಕಾಡಿನಲ್ಲಿ ಟಾರ್ಚಿನ ಬೆಳಕಿಗೆ ಸಿಕ್ಕಿದ್ದು ಕೆಂಗಂದು ಬಣ್ಣದ ಪುಟ್ಟ ಗೂಬೆ. 2004ರಲ್ಲಿ ಅದು ಹೊಸ ಪ್ರಭೇದವೆಂದು ದಾಖಲಾಯಿತು. ಆ ದೇಶದಲ್ಲಿ 1868ರ ನಂತರ ಪತ್ತೆಯಾದ ಮೊದಲ ಹೊಸ ಹಕ್ಕಿ ಅದು. ಆರು ವರ್ಷ ಒಬ್ಬ ಮನುಷ್ಯ ಒಂದು 'ಅರ್ಥವಿಲ್ಲದ ಕೂಗಿನ' ಹಿಂದೆ ನಡೆದ.

ಲೊಂಬೊಕ್‌ನ ಕಥೆ ಇನ್ನೂ ಚೆನ್ನಾಗಿದೆ. ಬಾಲಿಯ ಪಕ್ಕದ ಈ ಇಂಡೊನೇಷಿಯನ್ ದ್ವೀಪದಿಂದ ಆಲ್ಫ್ರೆಡ್ ಎವರೆಟ್ 1896ರಲ್ಲೇ ಕೆಲವು ಸಣ್ಣ ಗೂಬೆಗಳನ್ನು ಹಿಡಿದು ಚರ್ಮ ತುಂಬಿ ಕಳಿಸಿದ್ದ. ಮ್ಯೂಸಿಯಂನ ಡ್ರಾಯರಿನಲ್ಲಿ ಅವು ಬೇರೊಂದು ಪ್ರಭೇದದ ಚೀಟಿ ಅಂಟಿಸಿಕೊಂಡು ನೂರು ವರ್ಷ ಮಲಗಿದವು. ಗರಿ ನೋಡಿದರೆ ವ್ಯತ್ಯಾಸ ಕಾಣುವಂತಿರಲಿಲ್ಲ. 2003ರಲ್ಲಿ ಜಾರ್ಜ್ ಸಾಂಗ್‌ಸ್ಟರ್ ಮತ್ತು ಬೆನ್ ಕಿಂಗ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಕೆಲವೇ ದಿನಗಳ ಅಂತರದಲ್ಲಿ, ಆ ದ್ವೀಪದಲ್ಲಿ ರಾತ್ರಿ ಕಳೆದಾಗ ಇಬ್ಬರಿಗೂ ಒಂದೇ ಸಂಗತಿ ಹೊಳೆಯಿತು: ಈ ದನಿ ಬೇರೆ. 2013ರಲ್ಲಿ ಅದು ರಿಂಜಾನಿ ಗೂಬೆಯೆಂದು ನಾಮಕರಣವಾಯಿತು. ಸ್ಥಳೀಯರು ಅದನ್ನು ಎಂದಿನಿಂದಲೂ 'ಬುರುಂಗ್ ಪೊಕ್' ಎನ್ನುತ್ತಿದ್ದರು. ಬುರುಂಗ್ ಎಂದರೆ ಹಕ್ಕಿ, ಪೊಕ್ ಎಂಬುದು ಅದರ ಕೂಗು. ಮ್ಯೂಸಿಯಂನವರಿಗೆ ನೂರು ವರ್ಷ ಸಿಗದ ಗುರುತು ಲೊಂಬೊಕ್‌ನ ರೈತನ ಬಾಯಲ್ಲಿ ಹೆಸರಾಗಿತ್ತು.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಹಾಲಕ್ಕಿಯ ದಾಯಾದಿಯಾದ ಮಧ್ಯಭಾರತದ ಕಾಡು ಹಾಲಕ್ಕಿ ಇದೆ. 1873ರಲ್ಲಿ ಪಕ್ಷಿಶಾಸ್ತ್ರಜ್ಞ ಹ್ಯೂಮ್ ಅದನ್ನು ವರ್ಣಿಸಿದ, 1884ರ ನಂತರ ಅದು ಯಾರಿಗೂ ಕಾಣಲಿಲ್ಲ. ನಂತರದ ಒಂದು ದಾಖಲೆ ಇತ್ತು, 1914ರದು. ಅದನ್ನು ಕೊಟ್ಟ ಕರ್ನಲ್ ಮೈನರ್ಟ್ಜ್‌ಹಾಗನ್ ಹಳೆಯ ಮಾದರಿಯೊಂದನ್ನು ಕದ್ದು ಹೊಸ ಚೀಟಿ ಅಂಟಿಸಿದ್ದನೆಂದು ಆಮೇಲೆ ಬಯಲಾಯಿತು. 1997ರ ನವೆಂಬರಿನಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರಿಗೆ ಮಹಾರಾಷ್ಟ್ರದ ಶಹಾದಾ ಬಳಿ ಅದು ಹಗಲಿನಲ್ಲೇ ಸಿಕ್ಕಿತು. 113 ವರ್ಷ! ಹಿಂದೆ ಹುಡುಕಿದವರ ಕೈಯಲ್ಲಿದ್ದದ್ದು ಒಣಗಿದ ಚರ್ಮಗಳು ಮಾತ್ರ, ದನಿ ಯಾರ ಬಳಿಯೂ ಇರಲಿಲ್ಲ. ಪತ್ತೆಯಾದ ಮೇಲೆ ರಾಸ್ಮುಸೆನ್ ಮತ್ತು ಫರಾ ಇಷ್ತಿಯಾಕ್ ಅದರ ಕೂಗುಗಳನ್ನು ದಾಖಲಿಸಿ 1999ರಲ್ಲಿ ಪ್ರಕಟಿಸಿದರು. ಆಮೇಲೆ ಮೇಳಘಾಟ್, ಮುಂಬೈ ಬಗಲಿನ ತಾನ್ಸಾ, ಗುಜರಾತಿನ ಪೂರ್ಣಾ, ಹೀಗೆ ಒಂದೊಂದೇ ಕಾಡಿನಲ್ಲಿ ಸಿಗುತ್ತ ಬಂತು. ಅದು ಕಾಣೆಯಾಗಿತ್ತೋ, ನಾವೇ ಕೇಳದೆ ಹೋಗಿದ್ದೆವೋ?

ಕಲಿಯದ ದನಿ ಎಲ್ಲರದ್ದೂ ಒಂದೇ ಎಂದುಕೊಳ್ಳುವುದೂ ತಪ್ಪು. ದಕ್ಷಿಣ ಆಫ್ರಿಕಾದ ಕಾಡುಗೂಬೆಗಳ ಕೂಗನ್ನು ಹಲವು ವರ್ಷ ಧ್ವನಿಮುದ್ರಿಸಿದ ಡೆಲ್ಪೋರ್ಟ್, ಕೆಂಪ್, ಫರ್ಗುಸನ್ 2002ರಲ್ಲಿ ತೋರಿಸಿದ್ದು ಇದನ್ನೇ: ಒಂದೊಂದು ಹಕ್ಕಿಗೂ ಅದರದೇ ದನಿಯ ಮುದ್ರೆ ಇದೆ, ವರ್ಷಗಳು ಕಳೆದರೂ ಅದರಿಂದ ಅದೇ ಹಕ್ಕಿಯನ್ನು ಗುರುತಿಸಬಹುದು. ಕಾಲಿಗೆ ಉಂಗುರ ತೊಡಿಸದೆ, ಬಲೆ ಹಾಕದೆ, ಬರೀ ಕೂಗಿನಿಂದ ಯಾವ ಜಾಗದಲ್ಲಿ ಯಜಮಾನ ಬದಲಾದ ಎಂದು ಹೇಳಬಹುದು. ಮನುಷ್ಯರ ಯಂತ್ರಕ್ಕೆ ತಿಳಿಯುವ ಈ ವ್ಯತ್ಯಾಸ ಗೂಬೆಗೆ ತಿಳಿಯುವುದಿಲ್ಲವೇ? ಹಾಲಕ್ಕಿಯದೇ ಕುಲದ ಯುರೋಪಿನ ಪುಟ್ಟ ಗೂಬೆಯ ಮೇಲೆ ಫ್ರಾನ್ಸಿನಲ್ಲಿ ನಡೆದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಪಕ್ಕದ ಹೊಲದ ಗೂಬೆಯ ಕೂಗನ್ನು ಪಕ್ಕದ ಹೊಲದ ಕಡೆಯಿಂದಲೇ ಕೇಳಿಸಿದರೆ ಇದು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಅಪರಿಚಿತನ ಕೂಗು ಕೇಳಿಸಿದರೆ ಕೆರಳಿತು. ಪರಿಚಿತ ನೆರೆಯವನ ಕೂಗನ್ನೇ ಅವನಿರಬಾರದ ದಿಕ್ಕಿನಿಂದ ಕೇಳಿಸಿದರೂ ಕೆರಳಿತು. ಅಂದರೆ ಗೂಬೆ ಕೇಳುವುದು 'ಯಾರೋ ಕೂಗಿದರು' ಎಂದಲ್ಲ. 'ಇವನು ಇಂಥವನು, ಈ ಹೊತ್ತಿನಲ್ಲಿ ಅಲ್ಲೇನು ಮಾಡುತ್ತಿದ್ದಾನೆ?' ಎಂದು. ಗಡಿ ಸಾರುವ ಕೂಗು ಎಂಬ ಒಂದು ಸಾಲಿನ ಉತ್ತರದೊಳಗೆ ಒಂದು ಊರಿನ ಪಹಣಿಯೇ ಅಡಗಿದೆ.

ಈಗ ನನ್ನ ಕೆಲವು ಗೆಳೆಯರಿಗೆ ಹಿಡಿಸದ ಮಾತೊಂದನ್ನು ಹೇಳುತ್ತೇನೆ. ಭಾಷಣಕಾರರಿಗಿಂತ ಬುಡಬುಡಿಕೆಯವನು ಸತ್ಯಕ್ಕೆ ಹತ್ತಿರವಿದ್ದ. ನಸುಕಿನಲ್ಲಿ ಆ ಪುಟ್ಟ ಡಮರುವನ್ನು ಬುಡಬುಡ ಆಡಿಸುತ್ತ, ಹಾಲಕ್ಕಿ ನುಡಿಯಿತೆಂದು ಸಾರುತ್ತ ಬಾಗಿಲಿಗೆ ಬರುವವನು. ಮರಾಠಿಯಲ್ಲಿ ಈ ಹಕ್ಕಿ ಪಿಂಗಳಾ, ಅದರ ಮಾತು ಬಲ್ಲೆನೆಂದು ಭವಿಷ್ಯ ಹೇಳುವವನಿಗೂ ಅಲ್ಲಿ ಅದೇ ಹೆಸರು. ಸಂಸ್ಕೃತದಲ್ಲಿ ವಸಂತರಾಜನ ಶಕುನಗ್ರಂಥ ಪಿಂಗಲೆಯ ದನಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದೆ. ಶಕುನಶಾಸ್ತ್ರದವರು ಬರೆದಿಟ್ಟುಕೊಳ್ಳುತ್ತಿದ್ದುದೇನು? ದನಿಯ ಬಗೆ, ಕೂಗಿದ ದಿಕ್ಕು, ಕೂಗಿದ ಹೊತ್ತು, ಹಕ್ಕಿ ಕೂತ ಜಾಗ. ಇಂದು ಗೂಬೆ ಅಧ್ಯಯನಕ್ಕೆ ಹೋಗುವ ವಿದ್ಯಾರ್ಥಿಯ ಕೈಯಲ್ಲಿನ ನಮೂನೆಯಲ್ಲೂ ಹೆಚ್ಚುಕಡಿಮೆ ಅದೇ ಕಲಮುಗಳು. ಕೊನೆಯ ಒಂದು ಕಲಮಿನಲ್ಲಿ ಮಾತ್ರ ಶಾಸ್ತ್ರದವರು ಎಡವಿದರು: ಕೂಗು ಯಾರಿಗೆ ಎಂಬಲ್ಲಿ ಮನೆ ಯಜಮಾನನ ಹೆಸರು ಬರೆದರು. ಅದು ದೊಡ್ಡ ತಪ್ಪೇ. ಆ ತಪ್ಪಿನ ಬೆಲೆಯನ್ನು ಗೂಬೆಗಳು ಇಂದಿಗೂ ತೆರುತ್ತಿವೆ. ದೀಪಾವಳಿಯ ಅಮಾವಾಸ್ಯೆಗೆ ಬಲಿ ಕೊಡಲು ಕೊಂಬುಗೂಬೆಗಳನ್ನು ಹಿಡಿದು ಮಾರುವವರು ನಮ್ಮ ರಾಜ್ಯದಲ್ಲೂ ಸಿಕ್ಕಿಬಿದ್ದಿದ್ದಾರೆ. ಬುಡಬುಡಿಕೆಯವನ ಭವಿಷ್ಯವನ್ನು ನಾನು ನಂಬುವುದಿಲ್ಲ. ಅವನ ಕಿವಿಯನ್ನು ನಂಬುತ್ತೇನೆ. ಅರ್ಥವಿಲ್ಲ ಎಂದು ತೀರ್ಮಾನಿಸಿದವನು ಮೊದಲ ಕಲಮನ್ನೂ ತುಂಬುವುದಿಲ್ಲ.

ಕೇಳದಿರುವುದರ ಫಲ ಏನೆಂದು ನೋಡಲು ದೇವಸ್ಥಾನದ ಗೋಪುರಕ್ಕೆ ಹೋಗಬೇಕು. ಬಿಳಿ ಮುಖದ ಗೂಬೆ ಅಲ್ಲಿ ಮರಿ ಮಾಡಿದಾಗ ರಾತ್ರಿಯಿಡೀ ಬುಸ್ಸೆಂಬ ಸದ್ದು. ಹಾವೆಂದುಕೊಂಡು ಅರ್ಚಕರು ದೂರ ಸರಿಯುತ್ತಾರೆ. ಮರಿಗಳು ಹಸಿದು ತಾಯಿಯನ್ನು ಕರೆಯುತ್ತಿವೆ ಎಂದು ಬಲ್ಲವರು ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅಲೆಕ್ಸಾಂಡ್ರ ರೂಲಾಂ ಗಮನಿಸಿದ್ದು ಬೇರೆ. ತಾಯಿ ತಂದೆ ಇಬ್ಬರೂ ಇಲ್ಲದಾಗಲೂ ಮರಿಗಳು ಬುಸುಗುಡುತ್ತವೆ. ಯಾರಿಗೆ? ಒಂದಕ್ಕೊಂದು. ಮುಂದಿನ ಇಲಿ ಯಾರದು ಎಂದು ಅವು ಮೊದಲೇ ಚೌಕಾಸಿ ಮಾಡುತ್ತಿರುತ್ತವೆ. ಹೆಚ್ಚು ಹಸಿದದ್ದು ಹೆಚ್ಚು ಕೂಗುತ್ತದೆ, ಹೊಟ್ಟೆ ತುಂಬಿದ ಒಡಹುಟ್ಟು ಬಾಯಿ ಮುಚ್ಚಿ ಜಾಗ ಬಿಡುತ್ತದೆ. ಪ್ರಯೋಗ ನಡೆದದ್ದು ಚಳಿದೇಶದಲ್ಲಿ. ನಮ್ಮ ಗೋಪುರದಲ್ಲಿರುವುದು ಅದರ ಪೂರ್ವದೇಶದ ನೆಂಟ. ಅದರ ಮರಿಗಳ ಚೌಕಾಸಿಯನ್ನು ಕೂತು ಕೇಳುವ ಒಬ್ಬ ಹುಡುಗಿ ನಮ್ಮ ಯಾವುದಾದರೂ ಕಾಲೇಜಿನಲ್ಲಿ ಇರಲಿ ಎಂದು ನನ್ನ ಆಸೆ.

ಕೊನೆಯ ತಕರಾರು ಹಕ್ಕಿ ಪ್ರಿಯರ ಮೇಲೆ. ಅವರಲ್ಲಿ ನಾನೂ ಒಬ್ಬ, ಆದ್ದರಿಂದ ಮುಜುಗರದಿಂದಲೇ ಹೇಳುತ್ತಿದ್ದೇನೆ. ಘಟ್ಟದ ಒಂದು ಕಾಡಂಚಿನಲ್ಲಿ ನಾವು ಏಳೆಂಟು ಮಂದಿ ಮುಸ್ಸಂಜೆ ನಿಂತಿದ್ದೆವು. ಕರೆತಂದವನು ಜೇಬಿನಿಂದ ಬೆಂಕಿಪೊಟ್ಟಣದಷ್ಟು ಸ್ಪೀಕರ್ ತೆಗೆದು ಒಂದು ಸಣ್ಣ ಗೂಬೆಯ ಕೂಗನ್ನು ಹಾಕಿದ. ಎರಡು ನಿಮಿಷಕ್ಕೆ ನಿಜವಾದದ್ದು ಉತ್ತರಿಸಿತು, ಮೂರನೆಯ ನಿಮಿಷಕ್ಕೆ ತಲೆಯ ಮೇಲಿನ ಕೊಂಬೆಗೇ ಬಂತು. ಕ್ಯಾಮೆರಾಗಳು ಚಟಪಟ ಎಂದವು. ಸ್ಪೀಕರ್ ಮತ್ತೆ ಕೂಗಿತು, ಹಕ್ಕಿ ಮತ್ತೆ ಕೂಗಿತು. ಅರ್ಧ ಗಂಟೆ ಹೀಗೇ. "ಏನೂ ಆಗಲ್ಲ ಸರ್, ಬರೀ ಸೌಂಡು" ಎಂದ ಅವನು. ಬರೀ ಸೌಂಡಾಗಿದ್ದರೆ ಅದು ಬರುತ್ತಲೇ ಇರಲಿಲ್ಲ! ಅಪರಿಚಿತನೊಬ್ಬ ಅದರ ಮನೆಯ ಹೊಸ್ತಿಲಲ್ಲಿ ನಿಂತು ಇದು ನನ್ನದು ಎನ್ನುತ್ತಿದ್ದ. ಎಷ್ಟು ಬೈದರೂ ಹೋಗುತ್ತಿರಲಿಲ್ಲ, ಕಣ್ಣಿಗೂ ಬೀಳುತ್ತಿರಲಿಲ್ಲ. ಗೂಬೆಗೆ ಗುಮ್ಮನನ್ನು ತೋರಿಸಿ ನಾವು ಫೋಟೊ ತೆಗೆದುಕೊಂಡೆವು. ಬೇಟೆಯಾಡಬೇಕಾದ ಹೊತ್ತು ಹೋಯಿತು. ಆ ಕೂಗನ್ನು ನಾವಷ್ಟೇ ಕೇಳುವುದೂ ಅಲ್ಲ. ಹಗಲಿನಲ್ಲಿ ಕಾಡಿನ ಸಣ್ಣ ಗೂಬೆಯ ಕೂಗು ಹಾಕಿದರೆ ಪಿಕಳಾರ, ಸೂರಕ್ಕಿಗಳೆಲ್ಲ ಬಯ್ಯುತ್ತ ಮುತ್ತಿಕೊಳ್ಳುತ್ತವೆ, ಯಾಕೆಂದರೆ ಅವುಗಳಿಗೂ ಆ ಮಾತು ಅರ್ಥವಾಗುತ್ತದೆ. ಇದನ್ನು ಬಲ್ಲ ಹಕ್ಕಿ ಹಿಡಿಯುವವರು ಹಾಲಕ್ಕಿಯನ್ನೇ ಕಟ್ಟಿಹಾಕಿ ಸಣ್ಣ ಹಕ್ಕಿಗಳನ್ನು ಬಲೆಗೆ ಕೆಡವುತ್ತಿದ್ದರು. ಕಾಡಿನಲ್ಲಿ ಆ ಕೂಗು ಬರೀ ಸದ್ದಾಗಿ ಕೇಳಿಸುವುದು ಪ್ರಾಯಶಃ ಟಿಕೆಟ್ ಕೊಂಡು ಬಂದವರಿಗೆ ಮಾತ್ರ.

ಹೋದ ಪುಷ್ಯಮಾಸದಲ್ಲಿ, ಇನ್ನೂ ಕತ್ತಲಿರುವಾಗ, ನಮ್ಮ ಬೀದಿಗೆ ಬುಡಬುಡಿಕೆಯವನೊಬ್ಬ ಬಂದ. ಈಗ ಅವರು ಅಪರೂಪ. ಅರವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಬಣ್ಣದ ಬಟ್ಟೆಗಳ ರಾಶಿ. ನಮ್ಮ ಗೇಟಿನ ಮುಂದೆ ನಿಂತು, ಹಾಲಕ್ಕಿ ಒಳ್ಳೆಯದು ನುಡಿದೈತೆ, ಈ ಮನೆಗೆ ಜಯವಾಗತೈತೆ ಎಂದು ಶುರುಮಾಡಿದ. ಹಿತ್ತಲಲ್ಲಿ ಅವು ಆಗಷ್ಟೇ ಒಂದು ಸುತ್ತು ಗಲಾಟೆ ಮುಗಿಸಿದ್ದವು.

"ಯಜಮಾನ್ರೇ, ಜಯ ಆಮೇಲೆ ಆಗಲಿ. ಈಗ ನುಡಿದದ್ದು ಒಂದೋ, ಎರಡೋ?" ಎಂದು ಕೇಳಿದೆ.

ಡಮರು ನಿಂತಿತು. ಅವನು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ವ್ಯಾಪಾರದ ಧಾಟಿ ಬಿಟ್ಟು, ಮಾಮೂಲಿ ದನಿಯಲ್ಲಿ ಹೇಳಿದ. "ಎರಡು ಸ್ವಾಮಿ. ಗಂಡು ಈ ಕಡೆ ಬುಡದಾಗೆ, ಹೆಣ್ಣು ಆ ತುದಿ ಕೊಂಬೆ. ಅತ್ತ ನೀರಿನ ಟ್ಯಾಂಕಿನ ತಾವ ಇನ್ನೊಂದು ಜೋಡಿ ಐತಲ್ಲ, ಅದಕ್ಕೆ ಹೇಳ್ತಾ ಇದ್ವು."

ಟ್ಯಾಂಕಿನ ಬಳಿ ಇನ್ನೊಂದು ಜೋಡಿ ಇರುವುದು ಹತ್ತು ವರ್ಷದಿಂದ ಆ ಮನೆಯಲ್ಲಿರುವ ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಐವತ್ತು ರೂಪಾಯಿ ತಂದು ಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ಡಮರು ಎತ್ತಿ, ಪಕ್ಕದ ಮನೆಯವರಿಗೆ ಜಯ ಹೇಳಲು ಹೊರಟ.